ಕಡಲಾಳದ ಲಾಂದ್ರಗಳು: ಕತ್ತಲೆಯಲ್ಲಿ ಬಾಳುವ ಮೀನುಗಳ ಒಂದು ಕುಟುಂಬ

2020ರ ನವೆಂಬರ್ ತಿಂಗಳಿನಲ್ಲಿ ಮುಂಬಯಿಯ ಜುಹೂ ಕಡಲತೀರದಲ್ಲಿಯೂ ನಮ್ಮ ಉಡುಪಿ, ಮಂಗಳೂರು ಕಡೆಯ ತೀರಗಳಲ್ಲಿಯೂ ರಾತ್ರಿಯ ಅಲೆಗಳು ನೀಲಿಯಾಗಿ ಹೊಳೆದ ಸುದ್ದಿಯನ್ನು ಓದುಗರು ಮರೆತಿರಲಾರರು. ಅದು ನಾಕ್ಟಿಲೂಕ ಎಂಬ ಏಕಕೋಶ ಜೀವಿಯ ಬೆಳಕು. ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣದಾದ ಆ ಜೀವಿಗಳು ಕೋಟ್ಯಂತರ ಸಂಖ್ಯೆಯಲ್ಲಿ ನೆರೆದಾಗ ಅಲೆಯ ಹೊಡೆತಕ್ಕೆ ಮಿನುಗುತ್ತವೆ. ಅಂದು ದಡದಲ್ಲಿ ನಿಂತು ನೋಡಿದವರೆಲ್ಲ ಬೆರಗಾದರು. ಆದರೆ ಅದೇ ಅರಬ್ಬೀ ಸಮುದ್ರದ ಆಳದಲ್ಲಿ, ದಡದಿಂದ ಬಹುದೂರದಲ್ಲಿ, ವರ್ಷದ ಎಲ್ಲ ರಾತ್ರಿಗಳಲ್ಲಿಯೂ ತಮ್ಮದೇ ದೀಪಗಳನ್ನು ಹೊತ್ತು ಸಂಚರಿಸುವ ಮೀನುಗಳಿವೆ ಎಂಬ ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅವುಗಳ ಸಂಖ್ಯೆ ಸಣ್ಣದೇನೂ ಅಲ್ಲ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿಯೇ ಅತ್ಯಂತ ವಿಪುಲವಾದವುಗಳ ಸಾಲಿಗೆ ಇವು ಸೇರುತ್ತವೆ ಎಂದು ಸಾಗರ ವಿಜ್ಞಾನಿಗಳು ಹೇಳುತ್ತಾರೆ.

ವಿಜ್ಞಾನದ ಭಾಷೆಯಲ್ಲಿ ಈ ಕುಟುಂಬದ ಹೆಸರು ಮಿಕ್ಟೊಫಿಡೇ. ಇಂಗ್ಲಿಷಿನಲ್ಲಿ ಲ್ಯಾಂಟರ್ನ್ ಫಿಶ್ ಎನ್ನುತ್ತಾರೆ. ಹಳ್ಳಿಯ ಮನೆಗಳಲ್ಲಿ ವಿದ್ಯುತ್ ಬರುವ ಮೊದಲು ಲಾಂದ್ರ ಹಿಡಿದು ಹಟ್ಟಿಗೂ ಹಿತ್ತಲಿಗೂ ಹೋಗುತ್ತಿದ್ದ ಹಿರಿಯರನ್ನು ಕಂಡ ನಮ್ಮಂಥವರಿಗೆ ‘ಲಾಂದ್ರ ಮೀನು’ ಎಂಬ ಹೆಸರು ಸಹಜವಾಗಿ ಒದಗುವುದರಿಂದ ಈ ಲೇಖನದಲ್ಲಿ ಅದನ್ನೇ ಬಳಸಿದ್ದೇವೆ. ಈ ಕುಟುಂಬದ ಪರಿಚಯವನ್ನೂ, ಕತ್ತಲೆಯಲ್ಲಿ ಬದುಕಲು ಅದು ಕಂಡುಕೊಂಡಿರುವ ಉಪಾಯಗಳನ್ನೂ, ಅದರ ಮುಂದಿರುವ ಪ್ರಶ್ನೆಯೊಂದನ್ನೂ ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಕುಟುಂಬದ ಪರಿಚಯ

ಲಾಂದ್ರ ಮೀನುಗಳಲ್ಲಿ ಸುಮಾರು 250 ಪ್ರಭೇದಗಳಿವೆ. ಇವುಗಳನ್ನು ಮೂವತ್ತಕ್ಕೂ ಹೆಚ್ಚು ಕುಲಗಳಲ್ಲಿ ವಿಂಗಡಿಸಲಾಗಿದೆ. ಉತ್ತರ ಧ್ರುವದ ಸಮೀಪದಿಂದ ಅಂಟಾರ್ಕ್ಟಿಕದ ಸುತ್ತಣ ಹಿಮಸಾಗರದವರೆಗೆ ಇವುಗಳಿಲ್ಲದ ಮಹಾಸಾಗರವಿಲ್ಲ. ಹೆಚ್ಚಿನವು ನಮ್ಮ ಹೆಬ್ಬೆರಳಿನಿಂದ ಅಂಗೈಯವರೆಗಿನ ಗಾತ್ರದವು. ಅತಿ ಸಣ್ಣವು 2ರಿಂದ 3 ಸೆಂ.ಮೀ. ಮಾತ್ರ ಬೆಳೆದರೆ ಅತಿ ದೊಡ್ಡವು ಸುಮಾರು 30 ಸೆಂ.ಮೀ. ಮುಟ್ಟುತ್ತವೆ. ದುಂಡಗಿನ ಮೊಂಡು ಮೂತಿ, ತಲೆಯ ಬಹುಭಾಗವನ್ನು ಆಕ್ರಮಿಸಿದ ದೊಡ್ಡ ಕಣ್ಣು, ಅಗಲವಾದ ಬಾಯಿ, ಬೆಳ್ಳಿಯ ಅಥವಾ ಕಂದುಗಪ್ಪು ಬಣ್ಣದ ಮೈ, ಬೆನ್ನಿನ ಮೇಲೆ ಬಾಲದ ಸಮೀಪ ಒಂದು ಪುಟ್ಟ ಕೊಬ್ಬಿನ ರೆಕ್ಕೆ, ಇವು ಕುಟುಂಬದ ಸಾಮಾನ್ಯ ಲಕ್ಷಣಗಳು. ನೋಡಲು ಒಂದು ಸಾಧಾರಣ ಸಣ್ಣ ಮೀನಿನಂತೆಯೇ ಇರುತ್ತದೆ. ಆಳಸಾಗರದ ಮೀನೆಂದರೆ ಕೋರೆಹಲ್ಲಿನ ಭೀಕರ ರೂಪವನ್ನು ಕಲ್ಪಿಸಿಕೊಳ್ಳುವವರಿಗೆ ಇದನ್ನು ಕಂಡು ನಿರಾಸೆಯಾದೀತು.

ಮೈಮೇಲಿನ ಹುರುಪೆಗಳು ಬಹಳ ಸಡಿಲವಾಗಿ ಅಂಟಿಕೊಂಡಿರುತ್ತವೆ. ಬಲೆಯಲ್ಲಿ ಸಿಕ್ಕಿ ಮೇಲಕ್ಕೆ ಬರುವಷ್ಟರಲ್ಲಿ ಅವು ಉದುರಿಹೋಗಿ, ಕೆಲವೊಮ್ಮೆ ಬೆಳಕಿನ ಅಂಗಗಳೂ ಕಳಚಿಹೋಗಿ, ಮೀನು ಸುಲಿದಂತೆ ಕಾಣುತ್ತದೆ. ಈ ಕಾರಣದಿಂದ ಹಡಗಿನ ಮೇಲೆ ಕಂಡ ಮೀನು ಆಳದಲ್ಲಿ ಈಜುವ ಮೀನಿನ ಸರಿಯಾದ ಚಿತ್ರವಾಗಲಾರದು.

ಇವುಗಳ ಅಧ್ಯಯನದಲ್ಲಿ ಭಾರತದ ಕಡಲುಗಳಿಗೂ ಒಂದು ಸ್ಥಾನವಿದೆ. ಬ್ರಿಟಿಷರ ಕಾಲದ ಸಾಗರ ಸಮೀಕ್ಷೆಯ ಹಡಗು ‘ಇನ್ವೆಸ್ಟಿಗೇಟರ್’ನಲ್ಲಿ ವೈದ್ಯರಾಗಿಯೂ ಪ್ರಕೃತಿ ವಿಜ್ಞಾನಿಯಾಗಿಯೂ ಕೆಲಸ ಮಾಡಿದ ಆಲ್ಫ್ರೆಡ್ ಆಲ್ಕಾಕ್ ಅವರು ಆಳದಿಂದ ಬಂದ ಅನೇಕ ಜೀವಿಗಳನ್ನು ವರ್ಣಿಸಿದರು. ಮುಂದೆ ಅವರು ಕೊಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಮೇಲ್ವಿಚಾರಕರಾದರು. ಇಂದು ಬೆಂಥೊಸೀಮ ಟೆರೋಟಮ್ ಎಂದು ಕರೆಯಲಾಗುವ ಲಾಂದ್ರ ಮೀನನ್ನು 1890ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಅವರೇ. ಅರಬ್ಬೀ ಸಮುದ್ರದ ಕಥೆಯಲ್ಲಿ ಈ ಮೀನು ಮತ್ತೆ ಬರಲಿದೆ.

ಕಡಲಿನ ಕತ್ತಲೆ ಎಂದರೇನು?

ಮೀನಿನ ಉಪಾಯಗಳನ್ನು ತಿಳಿಯುವ ಮೊದಲು ಅದು ಎದುರಿಸುವ ಕತ್ತಲೆಯ ಸ್ವರೂಪವನ್ನು ಅರಿಯಬೇಕು. ಸೂರ್ಯನ ಬಿಳಿಯ ಬೆಳಕು ನೀರನ್ನು ಹೊಕ್ಕ ಕೂಡಲೆ ಅದರ ಬಣ್ಣಗಳು ಒಂದೊಂದಾಗಿ ಹೀರಲ್ಪಡುತ್ತವೆ. ಮೊದಲು ಹೋಗುವುದು ಕೆಂಪು. ಕೆಲವೇ ಹತ್ತು ಮೀಟರುಗಳಲ್ಲಿ ಅದು ಮಾಯವಾಗುತ್ತದೆ. ಬಳಿಕ ಕಿತ್ತಳೆ, ಹಳದಿ, ಹಸಿರು ಕ್ಷೀಣಿಸುತ್ತವೆ. ಅತ್ಯಂತ ಆಳಕ್ಕೆ ಇಳಿಯುವುದು ಸುಮಾರು 475 ನ್ಯಾನೊಮೀಟರ್ ತರಂಗಾಂತರದ ನೀಲಿ. 200 ಮೀಟರಿನ ಕೆಳಗೆ ಸಸ್ಯಜೀವಿಗಳು ಆಹಾರ ತಯಾರಿಸಲು ಸಾಲುವಷ್ಟು ಬೆಳಕು ಉಳಿಯುವುದಿಲ್ಲ. 1,000 ಮೀಟರಿನ ಕೆಳಗೆ ಸೂರ್ಯನ ಬೆಳಕೇ ಇಲ್ಲ.

ಈ ಎರಡು ಗಡಿಗಳ ನಡುವಿನ ನೀರನ್ನು ಸಂಧ್ಯಾವಲಯ ಎನ್ನಬಹುದು. ಲಾಂದ್ರ ಮೀನುಗಳ ಹಗಲಿನ ಮನೆ ಮುಖ್ಯವಾಗಿ ಇದೇ. ಇಲ್ಲಿ ಪೂರ್ಣ ಕತ್ತಲೆಯಿರುವುದಿಲ್ಲ. ತಲೆಯ ಮೇಲಿನಿಂದ ಬರುವ ಮಂಕಾದ ನೀಲಿ ಬೆಳಕೊಂದು ಇರುತ್ತದೆ. ಅಡಗಿಕೊಳ್ಳಲು ಬಂಡೆಯಿಲ್ಲ, ಪೊದೆಯಿಲ್ಲ, ನೆಲವಿಲ್ಲ. ಎಲ್ಲ ದಿಕ್ಕುಗಳಲ್ಲಿಯೂ ನೀರೇ ನೀರು. ಕೆಳಗಿನಿಂದ ಮೇಲಕ್ಕೆ ನೋಡುವ ಬೇಟೆಗಾರ ಮೀನಿಗೆ, ಮೇಲೆ ಈಜುವ ಸಣ್ಣ ಮೀನು ಮುಸ್ಸಂಜೆಯ ಆಕಾಶದ ಎದುರು ಹಾರುವ ಬಾವಲಿಯಂತೆ ಕಪ್ಪು ನೆರಳಾಗಿ ಕಾಣಿಸುತ್ತದೆ. ಆದ್ದರಿಂದ ಸಂಧ್ಯಾವಲಯದ ಪ್ರಾಣಿಗೆ ಎರಡು ಸಮಸ್ಯೆಗಳು: ತಾನು ನೋಡಬೇಕು, ತಾನು ಕಾಣಿಸಿಕೊಳ್ಳಬಾರದು.

ಮೈಮೇಲಿನ ದೀಪಗಳು

ಎರಡನೆಯ ಸಮಸ್ಯೆಗೆ ಲಾಂದ್ರ ಮೀನು ಕಂಡುಕೊಂಡ ಪರಿಹಾರ ವಿಚಿತ್ರವಾದುದು. ಅಡಗಿಕೊಳ್ಳಲೆಂದೇ ಅದು ದೀಪ ಹಚ್ಚುತ್ತದೆ.

ಮೀನಿನ ಹೊಟ್ಟೆಯ ಕೆಳಭಾಗದಲ್ಲಿಯೂ ಪಕ್ಕೆಗಳಲ್ಲಿಯೂ ತಲೆಯ ಮೇಲೂ ಮುತ್ತು ಪೋಣಿಸಿದಂತೆ ಸಣ್ಣ ಬೊಟ್ಟುಗಳ ಸಾಲುಗಳಿರುತ್ತವೆ. ಪ್ರತಿಯೊಂದು ಬೊಟ್ಟೂ ಒಂದು ಬೆಳಕಿನ ಅಂಗ. ಅದರ ರಚನೆ ನಮ್ಮ ಲಾಂದ್ರವನ್ನೇ ನೆನಪಿಗೆ ತರುತ್ತದೆ. ಹಿಂಬದಿಯಲ್ಲಿ ಬೆಳಕು ಮೀನಿನ ಒಳಮೈಗೆ ಸೋರದಂತೆ ತಡೆಯುವ ಕಪ್ಪು ಪೊರೆ. ಅದರ ಮುಂದೆ ಬೆಳಕನ್ನು ಹೊರಕ್ಕೆ ತಿರುಗಿಸುವ ಕನ್ನಡಿಯಂತಹ ಪ್ರತಿಫಲಕ ಪದರ. ನಡುವೆ ಬೆಳಕನ್ನು ಉತ್ಪಾದಿಸುವ ಕೋಶಗಳು. ಎಲ್ಲಕ್ಕೂ ಹೊರಗೆ ದಪ್ಪಗಾದ ಹುರುಪೆಯಿಂದಾದ ಮಸೂರ. ಲಾಂದ್ರದ ಗಾಜೂ ತಗಡಿನ ಮರೆಯೂ ಮಾಡುವ ಕೆಲಸವನ್ನು ಇಲ್ಲಿ ಅರ್ಧ ಅಕ್ಕಿಕಾಳಿನಷ್ಟೂ ದೊಡ್ಡದಲ್ಲದ ಅಂಗವೊಂದು ಮಾಡುತ್ತದೆ.

ಈ ಬೆಳಕು ರಾಸಾಯನಿಕವಾದುದು. ಸೀಲೆಂಟರಜಿನ್ ಎಂಬ ವಸ್ತು ಕಿಣ್ವವೊಂದರ ನೆರವಿನಿಂದ ಆಮ್ಲಜನಕದೊಡನೆ ಸೇರಿದಾಗ ಬಿಡುಗಡೆಯಾಗುವ ಶಕ್ತಿ ನೀಲಿ ಬೆಳಕಿನ ರೂಪ ತಾಳುತ್ತದೆ. ಮಿಂಚುಹುಳದಲ್ಲಿಯೂ ಇದೇ ಬಗೆಯ ಕ್ರಿಯೆ ನಡೆಯುತ್ತದೆಯಾದರೂ ಅಲ್ಲಿನ ರಾಸಾಯನಿಕವೇ ಬೇರೆ. ಎರಡರಲ್ಲಿಯೂ ಶಾಖ ಬಹುತೇಕ ಹುಟ್ಟುವುದಿಲ್ಲವಾದುದರಿಂದ ಇದನ್ನು ತಂಪು ಬೆಳಕು ಎನ್ನುವುದುಂಟು. ಕಡಲಿನ ಕೆಲವು ಮೀನುಗಳು ತಮ್ಮೊಳಗೆ ಹೊಳೆಯುವ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡು ಅವುಗಳ ಬೆಳಕನ್ನು ಎರವಲು ಪಡೆಯುತ್ತವೆ. ಲಾಂದ್ರ ಮೀನಿನದು ಎರವಲಿನ ದೀಪವಲ್ಲ. ಅದರ ಸ್ವಂತ ಕೋಶಗಳೇ ಬೆಳಗುತ್ತವೆ, ನರಗಳ ಆಜ್ಞೆಯಂತೆ ಹೊತ್ತುತ್ತವೆ, ಆರುತ್ತವೆ. ಇಡೀ ಕುಟುಂಬದಲ್ಲಿ ಈ ಬೊಟ್ಟುಗಳಿಲ್ಲದ ಪ್ರಭೇದವೆಂದು ಪ್ರಸಿದ್ಧವಾದುದು ಟಾನಿಂಗಿಕ್ತಿಸ್ ಪಾರೊಲಿಕ್ನಸ್. ಸೂರ್ಯನ ಬೆಳಕು ತಲುಪದಷ್ಟು ಆಳದಲ್ಲಿ ಬಾಳುವ ಅದಕ್ಕೆ ಅಳಿಸಿಕೊಳ್ಳಬೇಕಾದ ನೆರಳೇ ಇಲ್ಲ.

ನೆರಳನ್ನು ಅಳಿಸುವ ಉಪಾಯ

ಹೊಟ್ಟೆಯಡಿಯ ದೀಪಗಳು ಕೆಳಮುಖವಾಗಿ ನೀಲಿ ಬೆಳಕನ್ನು ಚೆಲ್ಲುತ್ತವೆ. ಮೇಲಿನಿಂದ ಬರುವ ಮಂದ ಬೆಳಕು ಎಷ್ಟಿದೆಯೋ ಅಷ್ಟೇ ಬೆಳಕನ್ನು ಮೀನು ತನ್ನ ಹೊಟ್ಟೆಯಿಂದ ಹೊರಸೂಸಿದರೆ, ಕೆಳಗಿನಿಂದ ನೋಡುವವನ ಕಣ್ಣಿಗೆ ಅದರ ನೆರಳು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಇಲ್ಲಿ ಪ್ರಮಾಣವೇ ಮುಖ್ಯ. ಬೆಳಕು ಕಡಿಮೆಯಾದರೆ ನೆರಳು ಉಳಿಯುತ್ತದೆ. ಹೆಚ್ಚಾದರೆ ಮೀನೇ ನಕ್ಷತ್ರದಂತೆ ಹೊಳೆದು ಶತ್ರುವನ್ನು ಕರೆದಂತಾಗುತ್ತದೆ. 1977ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಲೆಯ ಮೇಲಿನ ಬೆಳಕಿನ ತೀವ್ರತೆಯನ್ನು ಬದಲಿಸಿದಾಗ ಲಾಂದ್ರ ಮೀನುಗಳು ತಮ್ಮ ಬೆಳಕನ್ನೂ ಅದಕ್ಕೆ ತಕ್ಕಂತೆ ಬದಲಿಸುವುದು ಕಂಡುಬಂದಿತು. ಅಂದರೆ ಕಣ್ಣು ಮೇಲಿನ ಬೆಳಕನ್ನು ಅಳೆಯುತ್ತದೆ, ಹೊಟ್ಟೆ ಆ ಅಳತೆಗೆ ಸರಿಯಾಗಿ ಬೆಳಗುತ್ತದೆ. ಜಮೆಯೂ ಖರ್ಚೂ ಸರಿಹೊಂದಿ ಶಿಲ್ಕು ಸೊನ್ನೆಯಾದರೆ ಮಾತ್ರ ಈ ಲೆಕ್ಕದಲ್ಲಿ ಜೀವ ಉಳಿಯುತ್ತದೆ.

ಶತ್ರುಗಳೂ ಸುಮ್ಮನೆ ಕುಳಿತಿಲ್ಲ. ಡ್ರ್ಯಾಗನ್ ಮೀನುಗಳ ಗುಂಪಿನ ಅರಿಸ್ಟೊಸ್ಟೋಮಿಯಾಸ್, ಮಲಕೊಸ್ಟಿಯಸ್ ಮೊದಲಾದ ಕೆಲವು ಕುಲಗಳು ಕಣ್ಣಿನ ಕೆಳಗಿನ ಅಂಗದಿಂದ ಕೆಂಪು ಬೆಳಕನ್ನು ಹೊಮ್ಮಿಸಬಲ್ಲವು, ಅದನ್ನು ತಾವು ನೋಡಲೂಬಲ್ಲವು. ಆಳದ ಇತರ ಮೀನುಗಳಲ್ಲಿ ಬಹುತೇಕ ಎಲ್ಲಕ್ಕೂ ಕೆಂಪು ಬಣ್ಣ ಕಾಣಿಸುವುದೇ ಇಲ್ಲ. ಕತ್ತಲೆಯ ಲೋಕದಲ್ಲಿಯೂ ಬೆಳಕಿನದೇ ಪೈಪೋಟಿ.

ದೀಪವೇ ಗುರುತಿನ ಚೀಟಿ

ಹೊಟ್ಟೆಯಡಿಯ ಸಾಲುಗಳು ಅಡಗುವುದಕ್ಕಾದರೆ, ಪಕ್ಕೆಯ ಬೊಟ್ಟುಗಳಿಗೂ ಬಾಲದ ದೀಪಗಳಿಗೂ ಬೇರೆ ಉದ್ಯೋಗವಿದೆ. ಪಕ್ಕೆಯ ಬೊಟ್ಟುಗಳ ವಿನ್ಯಾಸ ಪ್ರತಿಯೊಂದು ಪ್ರಭೇದದಲ್ಲಿಯೂ ಬೇರೆಬೇರೆ. ಮೀನು ವಿಜ್ಞಾನಿಗಳು ಪ್ರಭೇದವನ್ನು ಗುರುತಿಸುವುದು ಈ ವಿನ್ಯಾಸವನ್ನು ನೋಡಿಯೇ. ನಮ್ಮ ಹಳ್ಳಿಗಳಲ್ಲಿ ಸೀರೆಯ ಅಂಚನ್ನು ನೋಡಿ ಯಾವ ಊರಿನ ನೇಯ್ಗೆ ಎಂದು ಹೇಳುವ ಹಿರಿಯರಿದ್ದಂತೆ, ಮೀನುಗಳೂ ಕತ್ತಲೆಯಲ್ಲಿ ತಮ್ಮವರನ್ನು ಹೀಗೆಯೇ ಗುರುತಿಸುತ್ತಿರಬಹುದು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಊಹೆಗೆ ಬಲ ನೀಡಿತು. ಪ್ರಭೇದಕ್ಕೊಂದು ಬೆಳಕಿನ ವಿನ್ಯಾಸವುಳ್ಳ ಆಳಸಾಗರದ ಮೀನಿನ ಗುಂಪುಗಳಲ್ಲಿ ಹೊಸ ಪ್ರಭೇದಗಳು ಹೆಚ್ಚು ವೇಗವಾಗಿ ಹುಟ್ಟಿಕೊಂಡಿವೆ ಎಂಬುದು ಅದರ ಸಾರ. ನಡುವೆ ಬೆಟ್ಟವಿಲ್ಲದ, ನದಿಯಿಲ್ಲದ, ಎಲ್ಲೆಯಿಲ್ಲದ ನೀರಿನಲ್ಲಿ 250 ಪ್ರಭೇದಗಳು ಹೇಗೆ ಬೇರೆಯಾದವು ಎಂಬ ಪ್ರಶ್ನೆಗೆ ಇದು ಒಂದು ಉತ್ತರ.

ಕೆಲವು ಪ್ರಭೇದಗಳಲ್ಲಿ ಗಂಡು ಹೆಣ್ಣುಗಳ ಗುರುತೂ ಬೆಳಕಿನಲ್ಲಿದೆ. ಮಿಕ್ಟೊಫಮ್ ಕುಲದ ಹಲವು ಮೀನುಗಳಲ್ಲಿ ಗಂಡಿಗೆ ಬಾಲದ ಬುಡದ ಮೇಲ್ಭಾಗದಲ್ಲಿ ಬೆಳಕಿನ ಅಂಗವಿದ್ದರೆ ಹೆಣ್ಣಿಗೆ ಕೆಳಭಾಗದಲ್ಲಿರುತ್ತದೆ. ಕುಟುಂಬದಲ್ಲಿಯೇ ಅತಿ ದೊಡ್ಡದಾದ, 70ಕ್ಕೂ ಹೆಚ್ಚು ಪ್ರಭೇದಗಳುಳ್ಳ ಡಯಾಫಸ್ ಕುಲದವಕ್ಕೆ ಕಣ್ಣಿನ ಮುಂದೆ, ಮೂತಿಯ ಬಳಿ ದೊಡ್ಡ ದೀಪಗಳಿವೆ. ಮೋಟಾರಿನ ಮುಂದೀಪದಂತೆ ಇವು ಎದುರಿನ ನೀರನ್ನು ಬೆಳಗುವುದರಿಂದ ಇವಕ್ಕೆ ‘ಹೆಡ್‌ಲೈಟ್ ಮೀನು’ ಎಂಬ ಅಡ್ಡಹೆಸರೇ ಬಂದಿದೆ.

ಕತ್ತಲೆಯನ್ನು ನೋಡುವ ಕಣ್ಣು

ಇನ್ನು ಮೊದಲನೆಯ ಸಮಸ್ಯೆ, ನೋಡುವುದು. ಮನುಷ್ಯನ ಅಕ್ಷಿಪಟಲದಲ್ಲಿ ಬಣ್ಣಗಳನ್ನು ಅರಿಯುವ ಶಂಕುಕೋಶಗಳೂ ಮಂದ ಬೆಳಕನ್ನು ಅರಿಯುವ ದಂಡಕೋಶಗಳೂ ಇವೆ. ಲಾಂದ್ರ ಮೀನು ಬಣ್ಣದ ಆಸೆಯನ್ನು ಬಿಟ್ಟುಕೊಟ್ಟಿದೆ. ಬೆಳೆದ ಮೀನಿನ ಅಕ್ಷಿಪಟಲದಲ್ಲಿ ದಂಡಕೋಶಗಳು ಮಾತ್ರ ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ಅವು ಉದ್ದವಾಗಿಯೂ ಇರುವುದರಿಂದ ಕಣ್ಣನ್ನು ಹೊಕ್ಕ ಬೆಳಕಿನ ಕಣ ತಪ್ಪಿಸಿಕೊಳ್ಳುವ ಅವಕಾಶ ಕಡಿಮೆ. ಅನೇಕ ದಂಡಕೋಶಗಳು ಒಂದೇ ನರಕೋಶಕ್ಕೆ ತಮ್ಮ ಸಂದೇಶವನ್ನು ಒಪ್ಪಿಸುವುದರಿಂದ ಅತಿ ಕ್ಷೀಣವಾದ ಸುಳಿವು ಕೂಡ ಒಟ್ಟುಗೂಡಿ ಸ್ಪಷ್ಟವಾಗುತ್ತದೆ.

ಕಣ್ಣಿನ ಪಾಪೆ ಮಸೂರಕ್ಕಿಂತ ದೊಡ್ಡದಾಗಿದ್ದು, ಅನೇಕ ಪ್ರಭೇದಗಳಲ್ಲಿ ಮಸೂರದ ಪಕ್ಕದಲ್ಲಿ ತೆರಪೊಂದು ಉಳಿದಿರುತ್ತದೆ. ಓರೆಯಾಗಿ ಬರುವ ಬೆಳಕನ್ನೂ ಒಳಗೆ ಬಿಟ್ಟುಕೊಳ್ಳುವ ಏರ್ಪಾಡು ಇದು. ಕೆಲವಕ್ಕೆ ಅಕ್ಷಿಪಟಲದ ಹಿಂದೆ ಪ್ರತಿಫಲಕ ಪದರವಿದೆ. ರಾತ್ರಿ ಬೆಕ್ಕಿನ ಕಣ್ಣು ಹೊಳೆಯುವುದು ಇಂತಹುದೇ ಪದರದಿಂದ. ಒಮ್ಮೆ ತಪ್ಪಿಹೋದ ಬೆಳಕನ್ನು ಅದು ಮತ್ತೊಮ್ಮೆ ಕೋಶಗಳ ಮೂಲಕ ಹಾಯಿಸುತ್ತದೆ. ಕಣ್ಣಿನ ವರ್ಣದ್ರವ್ಯವು ಸುಮಾರು 480ರಿಂದ 490 ನ್ಯಾನೊಮೀಟರಿನ ಬೆಳಕಿಗೆ ಅತ್ಯಂತ ಸೂಕ್ಷ್ಮವಾಗಿರುತ್ತದೆ. ಆಳಕ್ಕೆ ಇಳಿಯುವ ಸೂರ್ಯನ ಬೆಳಕಿಗೂ ತನ್ನವರ ಮೈಬೆಳಕಿಗೂ ಹೊಂದುವ ಶ್ರುತಿ ಇದು.

ಇತ್ತೀಚಿನ ಎರಡು ಸಂಶೋಧನೆಗಳನ್ನು ಇಲ್ಲಿ ಹೇಳಬೇಕು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಕೆಲವು ಲಾಂದ್ರ ಮೀನುಗಳ ಅಕ್ಷಿಪಟಲದಲ್ಲಿ ಹಳದಿ ಬಣ್ಣದ ಸೋಸುಕವೊಂದನ್ನು ಕಂಡಿತು. ಅದರ ಜಾಗವೂ ಗಾತ್ರವೂ ಗಂಡಿನಲ್ಲಿ ಒಂದು ರೀತಿ, ಹೆಣ್ಣಿನಲ್ಲಿ ಇನ್ನೊಂದು ರೀತಿ ಇದ್ದುದರಿಂದ, ಸಂಗಾತಿಯ ಬೆಳಕನ್ನು ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲು ಇದು ನೆರವಾಗುತ್ತಿರಬಹುದೆಂದು ವಿಜ್ಞಾನಿಗಳು ಭಾವಿಸಿದರು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನ ಇನ್ನೂ ಕುತೂಹಲಕರ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ದಂಡಕೋಶದ ವರ್ಣದ್ರವ್ಯಕ್ಕೆ ಒಂದೇ ಜೀನ್ ಇರುತ್ತದೆ. ಆದರೆ ಉತ್ತರ ಅಟ್ಲಾಂಟಿಕ್‌ನ ಬೆಂಥೊಸೀಮ ಗ್ಲೇಸಿಯಾಲೆ ಎಂಬ ಲಾಂದ್ರ ಮೀನಿನಲ್ಲಿ ಇಂತಹ 5 ಜೀನ್‌ಗಳಿವೆ. ಬೇರೊಂದು ಕುಟುಂಬಕ್ಕೆ ಸೇರಿದ ಸಿಲ್ವರ್ ಸ್ಪೈನಿಫಿನ್ ಎಂಬ ಆಳದ ಮೀನಿನಲ್ಲಿ 38 ಇವೆ. ಕತ್ತಲೆಯಲ್ಲಿ ಬಾಳುವವರು ಬಣ್ಣಗಳಿಗೆ ಪೂರ್ಣ ಕುರುಡರೆಂದು ನಂಬಿದ್ದ ನಮಗೆ ಈ ಸಂಶೋಧನೆ ಆ ನಂಬಿಕೆಯನ್ನು ಮತ್ತೆ ಪರಿಶೀಲಿಸಬೇಕೆಂದು ತಿಳಿಸಿತು.

ದಿನವೂ ಒಂದು ಯಾತ್ರೆ

ಹಗಲೆಲ್ಲ ಸುಮಾರು 300ರಿಂದ 1,200 ಮೀಟರ್ ಆಳದಲ್ಲಿರುವ ಲಾಂದ್ರ ಮೀನುಗಳಲ್ಲಿ ಹೆಚ್ಚಿನವು ಸೂರ್ಯ ಮುಳುಗುತ್ತಲೇ ಮೇಲಕ್ಕೆ ಏರತೊಡಗುತ್ತವೆ. ರಾತ್ರಿ 10ರಿಂದ 100 ಮೀಟರ್ ಆಳದ ನೀರಿನಲ್ಲಿ ಕೋಪಿಪಾಡ್, ಕ್ರಿಲ್ ಮೊದಲಾದ ಸಣ್ಣ ಪ್ರಾಣಿಪ್ಲವಕಗಳನ್ನು ತಿನ್ನುತ್ತವೆ. ಬೆಳಗಾಗುವ ಮುನ್ನ ಮತ್ತೆ ಆಳಕ್ಕೆ ಇಳಿಯುತ್ತವೆ. ಆಹಾರವಿರುವುದು ಮೇಲೆ, ಅಭಯವಿರುವುದು ಕೆಳಗೆ. ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಅನೇಕ ಪ್ರಭೇದಗಳು ಅಷ್ಟೊಂದು ಮೇಲಕ್ಕೆ ಬರುವುದಿಲ್ಲ. ಬೆಳದಿಂಗಳೂ ಅವುಗಳ ಪಾಲಿಗೆ ಅಪಾಯವೇ.

ಈ ಪಯಣದ ದೂರವನ್ನು ನಮ್ಮ ಅಳತೆಗೆ ತಂದು ನೋಡೋಣ. 5 ಸೆಂ.ಮೀ. ಉದ್ದದ ಮೀನು 500 ಮೀಟರ್ ಏರಿದರೆ ಅದು ತನ್ನ ಮೈಯುದ್ದದ 10,000 ಪಟ್ಟು ದೂರ ಸಾಗಿದಂತೆ. ಐದೂವರೆ ಅಡಿಯ ಮನುಷ್ಯನಿಗೆ ಇದು ಸುಮಾರು 17 ಕಿ.ಮೀ. ಆಗುತ್ತದೆ. ಮುಂಬಯಿಯ ಓದುಗರಿಗೆ ಹೇಳುವುದಾದರೆ, ಚರ್ಚ್‌ಗೇಟಿನಿಂದ ಹೊರಟು ಬಾಂದ್ರಾವನ್ನು ದಾಟುವವರೆಗಿನ ದೂರವನ್ನು ಲೋಕಲ್ ಗಾಡಿಯಿಲ್ಲದೆ ಪ್ರತಿ ಸಂಜೆ ಹೋಗಿ ಪ್ರತಿ ಬೆಳಿಗ್ಗೆ ಮರಳಿದಂತೆ. ಅಷ್ಟೇ ಅಲ್ಲ, ಪ್ರತಿ 10 ಮೀಟರಿಗೆ ನೀರಿನ ಒತ್ತಡ ಒಂದು ವಾಯುಭಾರದಷ್ಟು ಬದಲಾಗುತ್ತದೆ. ಉಷ್ಣವಲಯದ ಕಡಲಿನಲ್ಲಿ ಉಷ್ಣತೆಯೂ ಹತ್ತು ಹದಿನೈದು ಡಿಗ್ರಿಗಳಷ್ಟು ಏರಿಳಿಯುತ್ತದೆ. ಒಂದು ಜೀವ ಇವೆಲ್ಲವನ್ನೂ ದಿನಕ್ಕೆ ಎರಡು ಬಾರಿ ತಾಳಿಕೊಳ್ಳುತ್ತದೆ.

ಈ ಯಾತ್ರೆ ಮನುಷ್ಯನ ಗಮನಕ್ಕೆ ಬಂದುದು ಯುದ್ಧದ ದೆಸೆಯಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜಲಾಂತರ್ಗಾಮಿಗಳನ್ನು ಪತ್ತೆಮಾಡಲು ಧ್ವನಿಯ ಅಲೆಗಳನ್ನು ಕಳುಹಿಸುತ್ತಿದ್ದ ಅಮೆರಿಕದ ವಿಜ್ಞಾನಿಗಳಿಗೆ ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಸುಮಾರು 300 ಮೀಟರಿಗಿಂತ ಆಳದಲ್ಲಿ ನೆಲದಂತಹ ಪದರವೊಂದು ಕಾಣಿಸಿತು. ನಿಜವಾದ ತಳ ಅದಕ್ಕಿಂತ ಬಹಳ ಕೆಳಗಿತ್ತು. ಈ ‘ಸುಳ್ಳು ನೆಲ’ ರಾತ್ರಿ ಮೇಲೇರಿ ಹಗಲು ಕೆಳಗಿಳಿಯುತ್ತದೆಂಬುದನ್ನು 1945ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ಮಾರ್ಟಿನ್ ಜಾನ್ಸನ್ ಅವರು ತೋರಿಸಿ, ಇದು ಜೀವಿಗಳ ಪದರವೇ ಇರಬೇಕೆಂದು ತರ್ಕಿಸಿದರು. ಮುಂದಿನ ಅಧ್ಯಯನಗಳು ಆ ಜೀವಿಗಳಲ್ಲಿ ಲಾಂದ್ರ ಮೀನುಗಳದು ದೊಡ್ಡ ಪಾಲೆಂದು ತಿಳಿಸಿದವು. ಅವುಗಳ ಹೊಟ್ಟೆಯೊಳಗಿನ ಗಾಳಿಚೀಲ ಧ್ವನಿಯನ್ನು ಪ್ರತಿಧ್ವನಿಸುತ್ತದೆ. ಎಲ್ಲ ಪ್ರಭೇದಗಳಿಗೂ ಇಂತಹ ಚೀಲವಿರುವುದಿಲ್ಲ. ಕೆಲವು ಬೆಳೆದಂತೆ ಗಾಳಿಯ ಬದಲು ಕೊಬ್ಬನ್ನು ತುಂಬಿಕೊಂಡು ತೇಲುವ ಶಕ್ತಿಯನ್ನು ಪಡೆಯುತ್ತವೆ. 1960ರ ದಶಕದಲ್ಲಿ ಪುಟ್ಟ ಜಲಾಂತರ್ಗಾಮಿಗಳಲ್ಲಿ ಇಳಿದ ಎರಿಕ್ ಬಾರ್ಹಮ್ ಅವರು ಹಗಲಿನ ಹೊತ್ತು ಲಾಂದ್ರ ಮೀನುಗಳು ನಿದ್ರೆಯಲ್ಲಿರುವಂತೆ ಅಲುಗಾಡದೆ, ಕೆಲವು ನೆಟ್ಟಗೆ ನಿಂತ ಭಂಗಿಯಲ್ಲಿ ತೂಗುತ್ತಿದ್ದುದನ್ನು ಕಂಡರು. ರಾತ್ರಿಯ ದುಡಿಮೆಗೆ ಹಗಲಿನ ವಿಶ್ರಾಂತಿ.

ಅರಬ್ಬೀ ಸಮುದ್ರದಲ್ಲಿ

ನಮ್ಮ ಪಶ್ಚಿಮದ ಕಡಲಿಗೆ ಒಂದು ವೈಶಿಷ್ಟ್ಯವಿದೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರಿನವರೆಗಿನ ನೀರಿನಲ್ಲಿ ಆಮ್ಲಜನಕ ಅತ್ಯಲ್ಪ. ಮುಂಗಾರಿನ ಗಾಳಿಯಿಂದ ಆಳದ ಪೋಷಕಾಂಶಗಳು ಮೇಲೆ ಬಂದು ಸಸ್ಯಪ್ಲವಕ ಹೇರಳವಾಗಿ ಬೆಳೆಯುತ್ತದೆ. ಅದು ಸತ್ತು ಕೆಳಕ್ಕಿಳಿದು ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ. ಹೊಸ ಆಮ್ಲಜನಕ ಅಲ್ಲಿಗೆ ಬರುವುದು ನಿಧಾನ. ಇಂತಹ ನೀರಿನಲ್ಲಿ ಹೆಚ್ಚಿನ ಮೀನುಗಳು ಬಾಳಲಾರವು. ಲಾಂದ್ರ ಮೀನುಗಳಾದರೋ ಹಗಲೆಲ್ಲ ಅಲ್ಲಿಯೇ ಇದ್ದು, ರಾತ್ರಿ ಮೇಲೆ ಬಂದು ಉಸಿರನ್ನೂ ಊಟವನ್ನೂ ಪೂರೈಸಿಕೊಳ್ಳುತ್ತವೆ. ಹೆಚ್ಚು ಆಮ್ಲಜನಕ ಬೇಡುವ ಟ್ಯೂನದಂತಹ ಬೇಟೆಗಾರರು ಅಲ್ಲಿಗೆ ಹಿಂಬಾಲಿಸಲಾರವು. ಕತ್ತಲೆಯ ಜೊತೆಗೆ ಉಸಿರುಗಟ್ಟಿಸುವ ನೀರೂ ಅವುಗಳ ಕೋಟೆಯಾಗಿದೆ.

ಆಲ್ಕಾಕ್ ವರ್ಣಿಸಿದ ಬೆಂಥೊಸೀಮ ಟೆರೋಟಮ್ ಈ ಕಡಲಿನ ಪ್ರಮುಖ ಲಾಂದ್ರ ಮೀನು. ಬೆಳೆದರೆ ಸುಮಾರು 7 ಸೆಂ.ಮೀ.; ಆಯುಷ್ಯ ಒಂದು ವರ್ಷದ ಒಳಗೆ. ನಾರ್ವೆಯ ‘ಡಾ. ಫ್ರಿಟ್ಯೋಫ್ ನಾನ್ಸೆನ್’ ಎಂಬ ಸಂಶೋಧನಾ ಹಡಗು 1975-76ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಒಮಾನ್ ಕೊಲ್ಲಿ ಹಾಗೂ ಅದರ ಆಸುಪಾಸಿನಲ್ಲಿ ಇವುಗಳ ಅಪಾರ ರಾಶಿ ಕಂಡುಬಂದಿತು. ಉತ್ತರ ಅರಬ್ಬೀ ಸಮುದ್ರದಲ್ಲಿ ಸಂಧ್ಯಾವಲಯದ ಮೀನುಗಳು ಸುಮಾರು 10 ಕೋಟಿ ಟನ್ ಇರಬಹುದೆಂಬ ಅಂದಾಜೊಂದು 1980ರ ದಶಕದಲ್ಲಿ ಹೊರಬಂದಿತು. ಅನಂತರದ ಕೆಲವು ಸಮೀಕ್ಷೆಗಳ ಲೆಕ್ಕ ಅದಕ್ಕಿಂತ ಬಹಳ ಕಡಿಮೆಯಿತ್ತು. ಭಾರತದ ‘ಸಾಗರ ಸಂಪದ’ ಹಡಗಿನ ಯಾನಗಳೂ ನಮ್ಮ ಕಡಲುಗಳಲ್ಲಿ ಇವುಗಳ ಪ್ರಭೇದಗಳನ್ನು ದಾಖಲಿಸಿವೆ. ಕೇರಳದ ಕೊಲ್ಲಂ ಕಡೆಯಲ್ಲಿ ಆಳದ ಸೀಗಡಿಗೆಂದು ಹಾಕಿದ ಬಲೆಗಳಲ್ಲಿ ಲಾಂದ್ರ ಮೀನುಗಳೂ ಸಿಕ್ಕಿಬೀಳುತ್ತವೆ.

ಮುಂಬಯಿ ದಡದಿಂದ ಇವು ಕಾಣದಿರುವುದಕ್ಕೆ ಕಾರಣ ಸರಳ. ಇಲ್ಲಿ ಆಳವಿಲ್ಲದ ಖಂಡಾವರಣ ಪ್ರದೇಶವು ಸುಮಾರು 300 ಕಿ.ಮೀ. ಅಗಲವಾಗಿ ಹರಡಿದೆ. ದಕ್ಷಿಣಕ್ಕೆ ಹೋದಂತೆ ಅದು ಕಿರಿದಾಗುತ್ತ, ಆಳದ ನೀರು ಕರಾವಳಿಗೆ ಹತ್ತಿರವಾಗುತ್ತದೆ.

ಸಾಗರದ ಲೆಕ್ಕಪತ್ರದಲ್ಲಿ ಇವುಗಳ ಪಾಲು

ಇಷ್ಟು ಸಣ್ಣ ಮೀನಿನಿಂದ ನಮಗೇನು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು ಆಹಾರದ ಸರಪಳಿ. ಟ್ಯೂನ, ಕಡಲ ಸಿಂಹ, ಸ್ಕ್ವಿಡ್, ಡಾಲ್ಫಿನ್, ಕಡಲಹಕ್ಕಿಗಳು ಲಾಂದ್ರ ಮೀನುಗಳನ್ನು ತಿನ್ನುತ್ತವೆ. ದಕ್ಷಿಣ ಸಾಗರದ ರಾಜ ಪೆಂಗ್ವಿನ್‌ಗಳಿಗೆ ಇವು ಮುಖ್ಯ ಆಹಾರ. ತಿಂದ ಮೀನಿನ ಮಾಂಸ ಜೀರ್ಣವಾದರೂ ಅದರ ಕಿವಿಯೊಳಗಿನ ಪುಟ್ಟ ಕಿವಿಗಲ್ಲುಗಳು ಉಳಿಯುತ್ತವೆ. ಅವುಗಳ ಆಕಾರವನ್ನು ನೋಡಿ ಹಕ್ಕಿ ಯಾವ ಪ್ರಭೇದವನ್ನು ತಿಂದಿತ್ತೆಂದು ತಜ್ಞರು ಹೇಳಬಲ್ಲರು. ಇವೇ ಕಿವಿಗಲ್ಲುಗಳ ಪಳೆಯುಳಿಕೆಗಳಿಂದ ಈ ಕುಟುಂಬವು ಸುಮಾರು 5 ಕೋಟಿ ವರ್ಷಗಳಷ್ಟು ಹಿಂದೆಯೇ ಇದ್ದಿತೆಂದು ತಿಳಿದುಬಂದಿದೆ.

ಎರಡನೆಯದು ಇಂಗಾಲ. ಮೇಲ್ನೀರಿನ ಸಸ್ಯಪ್ಲವಕವು ವಾತಾವರಣದ ಇಂಗಾಲದ ಡೈಆಕ್ಸೈಡನ್ನು ಹೀರಿ ಬೆಳೆಯುತ್ತದೆ. ಅದನ್ನು ಪ್ರಾಣಿಪ್ಲವಕ ತಿನ್ನುತ್ತದೆ. ಅದನ್ನು ರಾತ್ರಿ ಲಾಂದ್ರ ಮೀನು ತಿಂದು ಬೆಳಿಗ್ಗೆ ನೂರಾರು ಮೀಟರ್ ಕೆಳಗೆ ಒಯ್ಯುತ್ತದೆ. ಅಲ್ಲಿ ಉಸಿರಾಟದಿಂದಲೂ ಮಲದಿಂದಲೂ ಸಾವಿನಿಂದಲೂ ಬಿಡುಗಡೆಯಾದ ಇಂಗಾಲ ಬಹುಕಾಲ ಆಳದಲ್ಲಿಯೇ ಉಳಿಯುತ್ತದೆ. ಭೂಮಿಯ ಬಿಸಿಯೇರಿಕೆಯನ್ನು ತಗ್ಗಿಸುವ ಈ ಹೊರೆಗಾರಿಕೆಗೆ ಯಾರೂ ಕೂಲಿ ಕೊಡುತ್ತಿಲ್ಲ.

ಮನುಷ್ಯನ ಕಣ್ಣು ಬಿದ್ದಾಗ

ಜಗತ್ತಿನ ಸಂಧ್ಯಾವಲಯದ ಮೀನುಗಳ ಒಟ್ಟು ತೂಕ ಸುಮಾರು 100 ಕೋಟಿ ಟನ್ ಎಂದು 1980ರಲ್ಲಿ ಅಂದಾಜು ಮಾಡಲಾಗಿತ್ತು. ಸ್ಪೇನಿನ ಮಲಾಸ್ಪಿನ ಯಾನದ ಧ್ವನಿ ಸಮೀಕ್ಷೆಯ ಆಧಾರದ ಮೇಲೆ 2014ರಲ್ಲಿ ಪ್ರಕಟವಾದ ಲೇಖನವು ಅದು ಹತ್ತು ಪಟ್ಟು, ಅಂದರೆ 1,000 ಕೋಟಿ ಟನ್‌ವರೆಗೆ ಇರಬಹುದೆಂದಿತು. ಮನುಷ್ಯ ಇಂದು ವರ್ಷಕ್ಕೆ ಕಡಲಿನಿಂದ ಹಿಡಿಯುವ ಮೀನು ಸುಮಾರು 8 ಕೋಟಿ ಟನ್ ಮಾತ್ರ. ಇಂತಹ ಅಂಕಿಗಳನ್ನು ಕಂಡಾಗ ಮೀನುಪುಡಿ, ಮೀನೆಣ್ಣೆಗಳ ಉದ್ಯಮಕ್ಕೆ ಆಸೆ ಹುಟ್ಟುವುದು ಸಹಜ.

ಹಿಂದೆ ಪ್ರಯತ್ನಗಳು ನಡೆದಿವೆ. ದಕ್ಷಿಣ ಆಫ್ರಿಕದಲ್ಲಿ ಲ್ಯಾಂಪನಿಕ್ಟೋಡಿಸ್ ಹೆಕ್ಟೋರಿಸ್ ಎಂಬ ಲಾಂದ್ರ ಮೀನನ್ನು ಹಿಡಿಯುತ್ತಿದ್ದರು. 1973ರಲ್ಲಿ 42 ಸಾವಿರ ಟನ್ ಮೀರಿದ ಆ ಮೀನುಗಾರಿಕೆ, ಮೀನಿನ ಅತಿಯಾದ ಎಣ್ಣೆಯಿಂದ ಕಾರ್ಖಾನೆಗಳಿಗೆ ತೊಡಕಾಗಿ 1980ರ ದಶಕದ ಮಧ್ಯದಲ್ಲಿ ನಿಂತಿತು. ದಕ್ಷಿಣ ಸಾಗರದಲ್ಲಿ ಸೋವಿಯತ್ ಹಡಗುಗಳು ನಡೆಸಿದ ಬೇಟೆ 1990ರ ದಶಕದ ಆರಂಭದಲ್ಲಿ ಕೊನೆಗೊಂಡಿತು. ಒಮಾನ್ ಕೊಲ್ಲಿಯಲ್ಲಿ ಇರಾನ್ ಪ್ರಯೋಗಾರ್ಥ ಮೀನುಗಾರಿಕೆ ನಡೆಸಿತು. ನಮ್ಮಲ್ಲಿಯೂ ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇವುಗಳ ಉಪಯೋಗದ ಸಾಧ್ಯತೆಗಳನ್ನು ಅಧ್ಯಯನ ಮಾಡಿದ್ದಾರೆ. ಕೆಲವು ಪ್ರಭೇದಗಳಲ್ಲಿರುವ ಮೇಣದಂತಹ ಕೊಬ್ಬು ಮನುಷ್ಯನಿಗೆ ಜೀರ್ಣವಾಗದು. ಆಳದಲ್ಲಿ ಬಲೆ ಎಳೆಯುವ ಇಂಧನದ ಖರ್ಚೂ ಹೆಚ್ಚು. ಈ ಎರಡು ಅಡಚಣೆಗಳೇ ಇದುವರೆಗೆ ಲಾಂದ್ರ ಮೀನುಗಳನ್ನು ಕಾಪಾಡಿವೆ ಎನ್ನಬಹುದು.

ಲೆಕ್ಕಪತ್ರಗಳ ನಡುವೆ ಉದ್ಯೋಗದ ಆಯುಷ್ಯವನ್ನು ಕಳೆದ ನಮಗೆ ಇಲ್ಲಿ ಎದ್ದು ಕಾಣುವುದು ಒಂದೇ ಸಂಗತಿ. 100 ಕೋಟಿಯೋ 1,000 ಕೋಟಿಯೋ ಎಂಬಷ್ಟು ಅಂತರವಿರುವ ಖಾತೆಯಿಂದ ಹಣ ತೆಗೆಯಲು ಯಾವ ವಿವೇಕಿಯೂ ಒಪ್ಪಲಾರನು. ಬೂತಾಯಿ ಮೀನಿನ ಕಥೆ ನಮ್ಮ ಕಣ್ಣ ಮುಂದೆಯೇ ಇದೆ. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಸಮೀಪವಿದ್ದ ಅದರ ಹಿಡಿತ 2021ರಲ್ಲಿ ಮೂರು ಸಾವಿರ ಚಿಲ್ಲರೆ ಟನ್ನಿಗೆ ಕುಸಿಯಿತು. ಕಡಲಿನ ಬಿಸಿ, ಆಹಾರದ ಕೊರತೆ, ಮಿತಿಮೀರಿದ ಬಲೆ ಎಂದು ಕಾರಣಗಳನ್ನು ಹುಡುಕುತ್ತ ಹೋದರೂ, ದಡಕ್ಕೆ ಬರಿಗೈಯಲ್ಲಿ ಮರಳಿದ ದೋಣಿಯವನ ಮನೆಯ ಒಲೆಗೆ ಉತ್ತರ ಸಿಕ್ಕಲಿಲ್ಲ. ದಡದ ಸಮೀಪದ, ಶತಮಾನಗಳಿಂದ ಪರಿಚಯವಿರುವ ಮೀನಿನ ವಿಷಯವೇ ಹೀಗಿರುವಾಗ, ಸಾವಿರ ಮೀಟರ್ ಆಳದ ಮೀನನ್ನು ಅವಸರದಿಂದ ಮುಟ್ಟಿದರೆ ಅದನ್ನೇ ನೆಚ್ಚಿರುವ ಟ್ಯೂನಕ್ಕೂ, ಟ್ಯೂನವನ್ನು ನೆಚ್ಚಿರುವ ಮೀನುಗಾರನಿಗೂ, ಇಂಗಾಲದ ಹೊರೆ ಇಳಿಸಬೇಕಾದ ವಾತಾವರಣಕ್ಕೂ ಏನಾದೀತೆಂದು ಯೋಚಿಸಬೇಕು.

ಭಾರತ ಸರಕಾರವು 2021ರಲ್ಲಿ ಆಳಸಾಗರ ಯೋಜನೆಗೆ ಒಪ್ಪಿಗೆ ನೀಡಿದ್ದು, ಆಳದ ಜೀವವೈವಿಧ್ಯದ ಅಧ್ಯಯನವೂ ಅದರ ಒಂದು ಅಂಗವಾಗಿದೆ. ಯಾವ ದೇಶಕ್ಕೂ ಸೇರದ ಕಡಲಿನ ಜೀವಿಗಳ ರಕ್ಷಣೆಗಾಗಿ ವಿಶ್ವಸಂಸ್ಥೆಯ ಒಡಂಬಡಿಕೆಯೊಂದು 2023ರಲ್ಲಿ ಅಂಗೀಕಾರವಾಯಿತು. ಮೊದಲು ತಿಳಿಯುವುದು, ಬಳಿಕ ಬಳಸುವುದು ಎಂಬ ಕ್ರಮವನ್ನು ಇವು ನೆಲೆಗೊಳಿಸಿದರೆ ಒಳ್ಳೆಯದು.

ಕೊನೆಯ ಮಾತು

ಮುಂಬಯಿಯ ಮರೀನ್ ಡ್ರೈವ್‌ನಲ್ಲಾಗಲಿ, ಮಲ್ಪೆಯ ದಡದಲ್ಲಾಗಲಿ, ಸಂಜೆಯ ಹೊತ್ತು ಮಕ್ಕಳೊಡನೆ ಕುಳಿತು ಸೂರ್ಯಾಸ್ತವನ್ನು ನೋಡುವ ಕುಟುಂಬಗಳು ನಮ್ಮಲ್ಲಿ ಅನೇಕ. ಸೂರ್ಯ ನೀರಿಗಿಳಿದ ಮೇಲೆ ನಾವು ಎದ್ದು ಮನೆಯ ಕಡೆ ಹೊರಡುತ್ತೇವೆ. ಸರಿಯಾಗಿ ಆ ಹೊತ್ತಿಗೇ ದಿಗಂತದಾಚೆಯ ಆಳದಲ್ಲಿ ಅಸಂಖ್ಯ ಸಣ್ಣ ಮೀನುಗಳು ತಮ್ಮ ದೀಪಗಳನ್ನು ಹದಮಾಡಿಕೊಂಡು ಮೇಲಕ್ಕೆ ಹೊರಡುತ್ತವೆ. ಮುಂದಿನ ಸಲ ಕಡಲತೀರಕ್ಕೆ ಹೋದಾಗ ಮಕ್ಕಳಿಗೆ ಈ ವಿಷಯವನ್ನು ತಿಳಿಸಿದರೆ ನಮ್ಮ ಬರಹದ ಶ್ರಮ ಸಾರ್ಥಕ.